ಸೆಕೆಗೆ ನಿಂಬೆ-ಕಿತ್ತಳೆ ಪರಿಮಳದ ಸೆಂಟು ತಗೊಳ್ಳುವವರಿಗೆ

ಮಂಗಳೂರಿನ ಸೆಕೆಯಲ್ಲಿ ಗಾಢವಾದ ಸೆಂಟು ಹಾಕಿ ಸಿಟಿ ಬಸ್ಸು ಹತ್ತಿದರೆ ಪಕ್ಕದವರಿಗೂ ತಲೆನೋವು, ನಮಗೂ ತಲೆನೋವು. ದಿನಾ ಆಫೀಸಿಗೆ ನಿಂಬೆ, ಕಿತ್ತಳೆ, ಚಕ್ಕೋತದ ಪರಿಮಳವೇ ಸರಿ. ಅದಕ್ಕೆ ಸಾವಿರಗಟ್ಟಲೆ ಕೊಡಬೇಕಿಲ್ಲ, ನಾನಂತೂ 500 ರೂಪಾಯಿ ದಾಟುವುದಿಲ್ಲ.

ಒಂದು ವಿಷಯ ಮೊದಲೇ ಗೊತ್ತಿರಲಿ. ನಿಂಬೆ ಜಾತಿಯ ಪರಿಮಳ ಬೇಗ ಹಾರಿಹೋಗುತ್ತದೆ, ದುಬಾರಿ ಬಾಟಲಿಯಲ್ಲೂ ಅಷ್ಟೇ, ಹಾಗಾಗಿ ಅರ್ಧ ಗಂಟೆಗೆ ವಾಸನೆ ಕಮ್ಮಿಯಾಯಿತು ಅಂತ ಸುಮ್ನೆ ಅಂಗಡಿಯವರನ್ನು ಬೈಯಬೇಡಿ. ಕೊನೆಗೆ ಉಳಿಯುವುದು ಅಡಿಯಲ್ಲಿರುವ ಕಸ್ತೂರಿ, ಮರದಂಥ ಪರಿಮಳ. ಅದು ನಿಮಗೆ ಹಿಡಿಸುತ್ತಾ ಅಂತ ನೋಡಬೇಕು. ಹಂಪನಕಟ್ಟೆಯ ಅಂಗಡಿಯಲ್ಲಿ ಸೆಂಟನ್ನು ಮಣಿಕಟ್ಟಿಗೆ ಹಾಕಿಸಿಕೊಂಡು, ಒಂದೆರಡು ಗಂಟೆ ಸುತ್ತಾಡಿ, ಬೇಕಾದರೆ ಐಸ್ ಕ್ರೀಮ್ ತಿಂದು ಆಮೇಲೆ ಮೂಸಿ ನೋಡಿ. ಕಾಗದದ ಪಟ್ಟಿ ಮೂಸಿ ಕೊಂಡು ನಾನೇ ಒಮ್ಮೆ ಮೋಸ ಹೋಗಿದ್ದೇನೆ, ಮೈಮೇಲೆ ಅದು ಪಾತ್ರೆ ತೊಳೆಯುವ ಸೋಪಿನ ಹಾಗೆ ನಾತ!

ಬಾಟಲಿಯ ಮೇಲೆ ಓ ಡಿ ಪರ್ಫ್ಯೂಮ್ (Eau de Parfum, ಪರಿಮಳದ ಎಣ್ಣೆ ಜಾಸ್ತಿ ಇರುವ ಬಗೆ) ಅಂತ ಇದ್ದರೆ ಸಾಮಾನ್ಯವಾಗಿ ಓ ಡಿ ಟಾಯ್ಲೆಟ್‌ಗಿಂತ (Eau de Toilette, ಎಣ್ಣೆ ಕಮ್ಮಿ ಇರುವ ಬಗೆ) ಜಾಸ್ತಿ ಹೊತ್ತು ಇರುತ್ತದೆ. ಒಣ ಚರ್ಮದಲ್ಲಿ ಬೇಗ ಹೋಗುವುದರಿಂದ ಸ್ನಾನವಾದ ಮೇಲೆ ವಾಸನೆಯಿಲ್ಲದ ಕ್ರೀಮ್ ತೆಳ್ಳಗೆ ಹಚ್ಚಿ ಅದರ ಮೇಲೆ ಹಾಕಿ. ತೆಂಗಿನೆಣ್ಣೆ ಬೇಡ ಮಾರಾಯ್ರೆ, ಅದರದ್ದೇ ಪರಿಮಳ ಗೆಲ್ಲುತ್ತದೆ. ಹಾಕಿದ ಮೇಲೆ ಮಣಿಕಟ್ಟು ಉಜ್ಜಬೇಡಿ. ಬೀಚಿಗೆ ಹೋಗುವ ದಿನ ಬಿಸಿಲು ಬೀಳುವ ಚರ್ಮಕ್ಕೆ ಹಾಕಬೇಡಿ, ಬರ್ಗಮಾಟ್ (ನಿಂಬೆ ಜಾತಿಯ ಒಂದು ಹಣ್ಣು), ನಿಂಬೆ ಇವುಗಳ ಎಣ್ಣೆ ಕೆಲವರಿಗೆ ಬಿಸಿಲಲ್ಲಿ ಕಲೆ ಮಾಡುತ್ತದೆ. ಬಟ್ಟೆಗೆ ಹಾಕಿದರೆ ಆಯಿತು, ಬಿಳಿ ಅಂಗಿ ಒಂದು ಬಿಟ್ಟು.

ಬಾಟಲಿಯನ್ನು ಕಿಟಕಿ ಹತ್ತಿರ ಇಡಬೇಡಿ, ಕಪಾಟಿನೊಳಗಿರಲಿ.