ಒಂದೇ ಫೋಟೋದಿಂದ ಎದೆಮಟ್ಟದ ಪ್ರತಿಮೆ

ಮಡಿಕೇರಿಯಲ್ಲಿ ಪ್ರತಿಮೆ ಮಾಡುವವನೆಂದು ಹೇಳಿಕೊಂಡರೆ, ಜನರಲ್ ತಿಮ್ಮಯ್ಯನವರದ್ದು ಮಾಡಿದ್ದೀರಾ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರದ್ದು ಮಾಡಿದ್ದೀರಾ ಎಂದು ಕೇಳುತ್ತಾರೆ. ಎರಡನ್ನೂ ಮಾಡಿಲ್ಲ. ನನ್ನ ಕೈಗೆ ಬಂದವರು ನಿವೃತ್ತ ಹವಾಲ್ದಾರರು, ಶಾಲಾ ಮೇಷ್ಟ್ರುಗಳು, ಕಾಫಿ ತೋಟದ ಹಿರಿಯರು. ಮೈಸೂರಿನ ಕಾವಾ ಎಂಬ ಕಲಾಶಾಲೆಯಲ್ಲಿ ಶಿಲ್ಪಕಲೆ ಕಲಿತು ಊರಿಗೆ ಮರಳಿದ ಮೇಲೆ ಸಂಸಾರ ನಡೆದದ್ದು ಹೆಚ್ಚಾಗಿ ದಸರಾ ಮೆರವಣಿಗೆಯ ದಶಮಂಟಪಗಳಿಗೆ ರಾಕ್ಷಸರನ್ನೂ ದೇವತೆಗಳನ್ನೂ ಮಾಡಿಕೊಟ್ಟ ದುಡ್ಡಿನಲ್ಲಿ. ಆದರೆ ಕಸುಬು ನಿಜವಾಗಿ ಅರ್ಥವಾದದ್ದು ಒಬ್ಬ ಹವಾಲ್ದಾರರ ಎದೆಮಟ್ಟದ ಪ್ರತಿಮೆಯಿಂದ.

ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯವರು ಕೊಟ್ಟದ್ದು ಸ್ಟುಡಿಯೋದಲ್ಲಿ ತೆಗೆಸಿದ ಒಂದೇ ಫೋಟೋ. ಕೊಡವರ ನಿಲುವಂಗಿ ಕುಪ್ಯ ತೊಟ್ಟು, ತಲೆಗೆ ಮಂಡೆತುಣಿ ಕಟ್ಟಿ, ನೇರ ಕ್ಯಾಮೆರಾ ನೋಡುತ್ತಿರುವಂಥದ್ದು. ಎದುರಿನಿಂದ ತೆಗೆದ ಚಿತ್ರದಲ್ಲಿ ಮೂಗು ಎಷ್ಟು ಮುಂದಕ್ಕಿದೆ, ಹಿಂದಲೆ ಎಷ್ಟು ಉಬ್ಬಿದೆ ಎಂಬುದು ಸಿಗುವುದೇ ಇಲ್ಲ, ಮೇಲಾಗಿ ಹತ್ತಿರದಿಂದ ತೆಗೆದಿದ್ದರೆ ಮೂಗು ಇದ್ದದ್ದಕ್ಕಿಂತ ದೊಡ್ಡದಾಗಿ, ಕಿವಿ ಚಿಕ್ಕದಾಗಿ ಕಾಣುತ್ತದೆ. ಹೀಗಾಗಿ ಅವರ ತಮ್ಮನನ್ನು ನಾಲ್ಕು ದಿನ ಎದುರಿಗೆ ಕೂರಿಸಿಕೊಂಡು, ಕಿವಿಯ ತೂತಿನಿಂದ ಮೂಗಿನ ತುದಿಗೆ, ಗಲ್ಲಕ್ಕೆ, ನೆತ್ತಿಗೆ ಎಷ್ಟು ದೂರವೆಂದು ಕ್ಯಾಲಿಪರ್‌ನಲ್ಲಿ ಅಳೆದುಕೊಂಡೆ. ಮುಖದ ಉಳಿದ ಭಾಗವೆಲ್ಲ ಮಾತಾಡುವಾಗ, ನಗುವಾಗ ಅಲುಗುತ್ತದೆ. ಕಿವಿಯ ತೂತು ಅಲುಗುವುದಿಲ್ಲವಾದ್ದರಿಂದ ಅಳತೆಗಳೆಲ್ಲ ಅಲ್ಲಿಂದಲೇ ಹೊರಡಬೇಕು.

ಹಲಗೆಗೆ ಕಂಬ ನಿಲ್ಲಿಸಿ, ತಲೆಯ ಜಾಗದಲ್ಲಿ ದಪ್ಪ ತಂತಿ ಬಾಗಿಸಿ, ಹಸಿಮಣ್ಣು ಜಾರದಂತೆ ಮರದ ಚೂರುಗಳನ್ನು ಅಡ್ಡಡ್ಡ ಕಟ್ಟಿ ಒಳಗೆ ತೂಗುಬಿಟ್ಟೆ. ಮುಖವನ್ನು ಎದುರಿನಿಂದ ತಿದ್ದುತ್ತ ಕೂರದೆ, ಹಲಗೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಪ್ರತಿ ಬದಿಯ ಅಂಚುಗೆರೆಯನ್ನು ಸರಿಪಡಿಸುವುದು ಫ್ರೆಂಚ್ ಶಿಲ್ಪಿ ರೋಡಾನ್ ಅನುಸರಿಸುತ್ತಿದ್ದ ಕ್ರಮ, ನಾನೂ ಅದನ್ನೇ ಹಿಡಿದೆ. ಮೂರು ವಾರಕ್ಕೆ ಮಣ್ಣಿನ ಕೆಲಸ ಮುಗಿಯಿತು. ನನಗೆ ತೃಪ್ತಿಯಾಗಿತ್ತು.

ನೋಡಲು ಬಂದ ಅವರ ಹೆಂಡತಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಮುಖ ಅವರದ್ದೇ ಮೋನೆ. ಆದರೆ ಹೀಗೆ ತಲೆ ಎತ್ತಿ ಕೂತದ್ದು ಅವರು ಆ ಸ್ಟುಡಿಯೋದಲ್ಲಿ ಮಾತ್ರ,” ಎಂದರು. ಮತ್ತೆ ಹೇಗೆ ಕೂರುತ್ತಿದ್ದರು ಅವ್ವ ಎಂದು ಕೇಳಿದಾಗ ವಿಷಯ ಹೊರಬಂತು. ತೋಪಿನ ಸದ್ದಿಗೆ ಬಲಗಿವಿ ಮಂದವಾಗಿತ್ತು. ಯಾರೇ ಮಾತಾಡಿಸಲಿ, ಎಡಗಿವಿಯನ್ನು ಮುಂದೆ ಮಾಡಿ ತಲೆಯನ್ನು ತುಸು ಬಗ್ಗಿಸುತ್ತಿದ್ದರಂತೆ. ಅವ್ವ ಮನೆಗೆ ಹೋದ ಮೇಲೆ ತಂತಿಯಿಂದ ಕುತ್ತಿಗೆಯ ಮಣ್ಣನ್ನು ಸೀಳಿ, ಒಳಗಿನ ಕಂಬಿಯನ್ನು ಬಗ್ಗಿಸಿ, ತಲೆಯನ್ನು ಬೆರಳಗಲ ಮುಂದಕ್ಕೆ ತಂದು ತಿರುಗಿಸಿದೆ. ಕಣ್ಣು, ಮೂಗು, ಮೀಸೆ ಯಾವುದನ್ನೂ ಮುಟ್ಟಲಿಲ್ಲ. ಮರುವಾರ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

ಅಚ್ಚು ತೆಗೆಯುವ ಹೊತ್ತಿಗೆ ಜುಲೈ ಬಂದಿತ್ತು, ಮತ್ತು ಮಡಿಕೇರಿಯ ಜುಲೈಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಚೀಲದೊಳಗೇ ತೇವ ಹೀರಿ ಸತ್ವ ಕಳೆದುಕೊಳ್ಳುತ್ತದೆ ಎಂಬುದನ್ನು ನಾನು ಆಗ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಚ್ಚಿನ ಮೊದಲ ಪದರಕ್ಕೆ ನೀಲಿ ಬೆರೆಸುವುದು ವಾಡಿಕೆ. ಒಳಗೆ ಪ್ರತಿಮೆ ಎರೆದ ಮೇಲೆ ಉಳಿಯಿಂದ ಅಚ್ಚನ್ನು ಒಡೆಯುತ್ತ ಬಂದಾಗ ನೀಲಿ ಕಂಡರೆ ಪ್ರತಿಮೆ ಹತ್ತಿರವಿದೆ, ಕೈ ಹಗುರ ಮಾಡಬೇಕು ಎಂದರ್ಥ. ಆ ಸಲ ನೀಲಿ ಪದರವೇ ಹಿಟ್ಟಿನಂತೆ ಉದುರಿ, ಉಳಿ ನೇರ ಒಳಗಿನ ಎಡಗಿವಿಗೆ ತಗುಲಿತು. ಅದೇ ಕಿವಿ! ಅದನ್ನು ಮತ್ತೆ ಕೆತ್ತಿ ಕೂರಿಸಲು ಎರಡು ದಿನ ಹಿಡಿಯಿತು. ಈಗ ಮಳೆಗಾಲದಲ್ಲಿ ಮಣ್ಣಿನ ಕೆಲಸ ಮಾತ್ರ. ಅಚ್ಚು, ಎರಕ ಎಲ್ಲವೂ ಅಕ್ಟೋಬರ್ ನಂತರ.

ಕಂಚು ಆರುವಾಗ ತುಸು ಕುಗ್ಗುವುದರಿಂದ ಮಾದರಿಯನ್ನು ಅಷ್ಟರಮಟ್ಟಿಗೆ ದೊಡ್ಡದಾಗಿ ಮಾಡಬೇಕಾಗುತ್ತದೆ. ಇಲ್ಲಿ ಆ ಪ್ರಶ್ನೆ ಬರಲಿಲ್ಲ, ಖರ್ಚು ನೋಡಿ ಅವರು ಫೈಬರ್ ಸಾಕೆಂದರು. ಅವರ ಕುಟುಂಬದ ಮೂಲಮನೆಯಾದ ಐನ್‌ಮನೆಯ ಜಗಲಿಗೆ ಒಂದೇ ಬದಿಯಿಂದ ಬೆಳಕು ಬೀಳುತ್ತಿತ್ತು. ಹದಿನೆಂಟನೆಯ ಶತಮಾನದ ಫ್ರೆಂಚ್ ಶಿಲ್ಪಿ ಊಡಾನ್ ಪಾಪೆಯನ್ನು ಆಳವಾಗಿ ಕೊರೆದು, ನಡುವೆ ಒಂದು ಚೂರು ಕಲ್ಲನ್ನು ಉಳಿಸಿ ಅದರ ಮೇಲೆ ಬೆಳಕು ಮಿನುಗುವಂತೆ ಮಾಡುತ್ತಿದ್ದ; ನಾನೂ ಆ ಬೆಳಕಿನ ದಿಕ್ಕನ್ನು ನೋಡಿಕೊಂಡೇ ಕಣ್ಣುಗಳನ್ನು ಹಾಗೆ ಮಾಡಿದ್ದೆ. ಪೀಠದ ಮೇಲೆ ಇರಿಸಿದ ಸ್ವಲ್ಪ ಹೊತ್ತಿಗೆ ಅವ್ವ ಬಂದು, ಮೊಮ್ಮಗನ ಕೈಯಲ್ಲಿ ಪ್ರತಿಮೆಯನ್ನು ತಿರುಗಿಸಿ, ಎಡಗಿವಿ ಬಾಗಿಲ ಕಡೆಗೆ ಬರುವಂತೆ ಮಾಡಿಸಿದರು. ಕಣ್ಣುಗಳು ನೆರಳಿಗೆ ಹೋದವು. ನಾನು ಏನೂ ಹೇಳಲಿಲ್ಲ.