ಹೋವರ್‌ಕ್ರಾಫ್ಟ್ ಸ್ಕರ್ಟ್ ರಿಪೇರಿ: ನಾವು ಮಾಡುವ ಕ್ರಮ

ತಮಿಳುನಾಡಿನ ಪಾಕ್ ಕೊಲ್ಲಿಯ ಮಂಡಪಂ ಕರಾವಳಿಯಲ್ಲಿ ಎಷ್ಟೋ ಕಡೆ ನೀರು ಆಳವೇ ಇಲ್ಲ. ಗಸ್ತು ದೋಣಿಯ ತಳ ಮರಳಿಗೆ ತಾಗುವಲ್ಲಿ ಕೋಸ್ಟ್ ಗಾರ್ಡ್‌ನ ಹೋವರ್‌ಕ್ರಾಫ್ಟ್ ಗ್ರಿಫನ್ 8000 ಟಿಡಿ ಸಲೀಸಾಗಿ ದಡ ಹತ್ತುತ್ತದೆ. ಮೂರು ಟ್ಯಾಂಕ್ ಹೊರುವ, 57 ಮೀಟರ್ ಉದ್ದದ ರಷ್ಯಾದ ಜೂಬರ್ ಆದರೂ ಅಷ್ಟೇ, ಭಾರವೆಲ್ಲ ನಿಂತಿರುವುದು ರಬ್ಬರ್ ಬಟ್ಟೆಯ ಸ್ಕರ್ಟ್ ಹಿಡಿದಿಟ್ಟ ಗಾಳಿಯ ಮೇಲೆ. ಉದಾಹರಣೆಗೆ, 20 ಟನ್ ತೂಕ 120 ಚದರ ಮೀಟರ್‌ಗೆ ಹರಡಿದರೆ ಚದರ ಮೀಟರ್‌ಗೆ ಸುಮಾರು 167 ಕಿಲೋ. ಬರಿಗಾಲಲ್ಲಿ ನಿಂತ ಮನುಷ್ಯನ ಪಾದದ ಒತ್ತಡ ಇದರ ಹತ್ತು ಪಟ್ಟು.

ಸ್ಕರ್ಟ್‌ನ ಕೆಳಗೆ ನೆರಿಗೆಯಂತೆ ಸಾಲಾಗಿ ನೇತಾಡುವ ಫಿಂಗರ್‌ಗಳೇ ಮೊದಲು ಸವೆಯುವುದು. ಮರಳಿನ ಉಜ್ಜುವಿಕೆಗಿಂತ ವೇಗದಲ್ಲಿ ಅಂಚು ನೀರಿಗೆ ಪಟಪಟ ಬಡಿಯುವುದೇ ಹೆಚ್ಚು ಹಾಳು ಮಾಡುತ್ತದೆ: ರಬ್ಬರ್ ಪದರ ನೈಲಾನ್ ಬಟ್ಟೆಯಿಂದ ಬಿಟ್ಟುಕೊಂಡು ಅಂಚು ಎಳೆ ಎಳೆಯಾಗುತ್ತದೆ. ಮುಂಭಾಗದ ಫಿಂಗರ್ ಸವೆದರೆ ಮೂತಿ ತಗ್ಗುತ್ತದೆ. ಆಗ ನೀರು ಸ್ಕರ್ಟನ್ನು ಒಳಕ್ಕೆ ಎಳೆದು ಕ್ರಾಫ್ಟ್ ಮುಗ್ಗರಿಸಬಹುದು. ಗುಂಡು ತಾಗಿದ ಒಂದೆರಡು ತೂತಿಗಿಂತ ನನಗೆ ಇದರದ್ದೇ ಭಯ. ತೂತಿನಲ್ಲಿ ಸೋರಿದ ಗಾಳಿಯನ್ನು ಫ್ಯಾನ್ ತುಂಬಿಕೊಡುತ್ತದೆ.

ಎಂಜಿನ್ ನಿಲ್ಲಿಸಿ, ಬ್ಯಾಟರಿ ಕಳಚಿ, ಜಾಕ್‌ನಲ್ಲಿ ಎತ್ತಿ, ಮರದ ದಿಮ್ಮಿ ಕೊಟ್ಟ ಮೇಲೆಯೇ ಕೆಳಗೆ ನುಗ್ಗುವುದು. ಬರೀ ಜಾಕ್ ನಂಬಿ ಯಾರೂ ತಲೆ ಹಾಕಬಾರದು. ಹರುಕಿನ ಕೊನೆಗೆ 6 ಮಿಲಿಮೀಟರ್‌ನ ದುಂಡು ತೂತು ಹೊಡೆದರೆ ಅದು ಮುಂದೆ ಓಡುವುದಿಲ್ಲ. ಆಮೇಲೆ ಸಿಹಿನೀರಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಉಪ್ಪು ಉಳಿದರೆ ಪ್ಯಾಚ್ ಮರುದಿನವೇ ಏಳುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ಉಜ್ಜುವ ಹಾಗೆ ಮೇಲ್ಮೈ ಒರಟು ಮಾಡಿ, ಎರಡೂ ಕಡೆ ಎರಡೆರಡು ಸಲ ಅಂಟು ಬಳಿದು, ಬೆರಳಿಗೆ ಜಿಗುಟು ಹತ್ತುವಷ್ಟು ಆರಿದಾಗ ಒತ್ತುತ್ತೇವೆ. ಪ್ಯಾಚ್ ಹರುಕಿಗಿಂತ ಸುತ್ತಲೂ 50 ಮಿಲಿಮೀಟರ್ ದೊಡ್ಡದಿರಲಿ, ಮೂಲೆ ದುಂಡಗಿರಲಿ. 24 ಗಂಟೆ ಮುಟ್ಟಬೇಡಿ.

ಸವೆದ ಸಾಲಿನ ನಡುವೆ ಹೊಸ ಫಿಂಗರ್ ಒಂದನ್ನೇ ಹಾಕಿದರೆ ಅದು ಉದ್ದವಾಗಿ ನಿಂತು ನೀರಿಗೆ ಎಳೆದು ಬೇಗ ಹರಿಯುತ್ತದೆ. ಆದ್ದರಿಂದ ಹೊಸವನ್ನು ಗುಂಪಾಗಿ ಹಾಕಿ, ಅಲ್ಲಿಂದ ತೆಗೆದ ಅರ್ಧ ಸವೆದವನ್ನು ಬಿಡಿ ಜಾಗಗಳಿಗೆ ಉಳಿಸಿಕೊಳ್ಳುತ್ತೇವೆ. ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂ ಪಟ್ಟಿಗೆ ನೇರ ತಾಗಿದರೆ ಉಪ್ಪುನೀರಲ್ಲಿ ಪಟ್ಟಿ ಬಿಳಿ ಪುಡಿಯಾಗುತ್ತದೆ. ನಡುವೆ ನೈಲಾನ್ ವಾಷರ್ ಬೇಕು. ಸ್ಕರ್ಟ್‌ನ ಹಿಂಭಾಗದ ಚೀಲಗಳಲ್ಲಿ ನೀರು ಹೊರಹೋಗುವ ತೂತಿಗೆ ಮರಳು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ, ಇಲ್ಲವಾದರೆ ನೀರು ನಿಂತು ಹಿಂಬದಿ ಜಗ್ಗುತ್ತದೆ.

ಕೊನೆಗೆ ಕಾಂಕ್ರೀಟ್ ನೆಲ ಒದ್ದೆ ಮಾಡಿ ಫ್ಯಾನ್ ಓಡಿಸಿ ಕ್ರಾಫ್ಟನ್ನು ಗಾಳಿಯ ಮೇಲೆ ಎತ್ತಿ ನೋಡುತ್ತೇವೆ. ಎಲ್ಲಿ ನೀರು ಹೆಚ್ಚು ದೂರ ಚಿಮ್ಮುತ್ತದೋ ಅಲ್ಲಿ ಇನ್ನೂ ಗಾಳಿ ಸೋರುತ್ತಿದೆ.