ನೆಲಮಹಡಿ ಮನೆಗೆ ನೀರು ನುಗ್ಗುವ ಮುನ್ನ

ಬೆಂಗಳೂರಿನ ತಗ್ಗು ಬಡಾವಣೆಗಳಲ್ಲಿ ಎಷ್ಟೋ ಸಲ ನೀರು ಬಾಗಿಲಿಗಿಂತ ಮೊದಲು ಬಚ್ಚಲಿನಿಂದ ಬರುತ್ತದೆ. ತಾರಸಿಯ ಮಳೆನೀರಿನ ಪೈಪನ್ನು ಒಳಚರಂಡಿಗೇ ಸೇರಿಸಿಬಿಟ್ಟ ಮನೆಗಳಿಗೆ ಇಲ್ಲಿ ಬರವಿಲ್ಲ. ಮಳೆ ಜೋರಾದರೆ ಲೈನು ಕಟ್ಟಿಕೊಂಡು, ಬೀದಿಯಲ್ಲಿ ಎಲ್ಲಕ್ಕಿಂತ ತಗ್ಗಿರುವ ಮನೆಯ ಕಮೋಡು ಉಕ್ಕುತ್ತದೆ. ಹೊಸ್ತಿಲಿಗೆ ಮರಳಿನ ಚೀಲ ಒಟ್ಟಿ ನಿಶ್ಚಿಂತರಾದವರು ಮೋಸಹೋಗುವುದು ಇಲ್ಲೇ.

ಆದ್ದರಿಂದ ಮೊದಲ ಕೆಲಸ, ನೀರನ್ನು ಹೊರಗೆ ಬಿಟ್ಟು ವಾಪಸ್ ಬರಗೊಡದ ನಾನ್‌-ರಿಟರ್ನ್ ವಾಲ್ವ್. ಬೀದಿಯ ಲೈನಿಗೆ ಸೇರುವ ಮುಂಚಿನ ಕೊನೆಯ ಚೇಂಬರಿನಲ್ಲಿ, ಪೈಪಿನ ಅಳತೆಗೆ ಸರಿಯಾದ್ದನ್ನು ಹಾಕಿಸಿ. ವಾಲ್ವಿನ ಮೇಲಿನ ಬಾಣದ ಗುರುತು ಬೀದಿಯ ಕಡೆಗಿರಲಿ. ಕೂದಲು, ಬಟ್ಟೆಚೂರು, ಜಿಡ್ಡು ಸಿಕ್ಕಿಕೊಂಡರೆ ಒಳಗಿನ ರೆಕ್ಕೆ ಪೂರ್ತಿ ಮುಚ್ಚುವುದಿಲ್ಲ. ಹಾಗಾಗಿ ಮೇಲೆ ಸಿಮೆಂಟ್ ಬಳಿದು ಮುಚ್ಚಬೇಡಿ. ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರಿಗೆ ಮುನ್ನ ಇನ್ನೊಮ್ಮೆ ತೆಗೆದು ತೊಳೆಯಿರಿ. ಮರೆಯುವ ಮಾತೊಂದಿದೆ: ವಾಲ್ವ್ ಮುಚ್ಚಿದಾಗ ನಿಮ್ಮ ಮನೆಯ ನೀರೂ ಹೊರಗೆ ಹೋಗದು. ಮೇಲಿನ ಮಹಡಿಯವರು ಸ್ನಾನಕ್ಕಿಳಿದರೆ ಆ ನೀರು ನಿಮ್ಮ ಬಚ್ಚಲಲ್ಲೇ ಎದ್ದು ಬರುತ್ತದೆ. ಮಳೆ ಇಳಿಯುವವರೆಗೆ ನಲ್ಲಿ, ಫ್ಲಶ್ ಬಳಸಬೇಡಿ ಎಂದು ಅವರಿಗೆ ಮೊದಲೇ ಹೇಳಿಡಿ. ತಾರಸಿ ಪೈಪನ್ನು ಬೇರ್ಪಡಿಸಿ ಇಂಗುಗುಂಡಿಗೋ ಮಳೆನೀರು ಚರಂಡಿಗೋ ತಿರುಗಿಸಿ. ಬಾಡಿಗೆ ಮನೆಯಲ್ಲಿ ಇದೆಲ್ಲ ಆಗದಿದ್ದರೆ, ದಪ್ಪ ಪ್ಲಾಸ್ಟಿಕ್ ಚೀಲವನ್ನು ಎರಡು ಪದರ ಮಾಡಿ, ಮರಳು ತುಂಬಿ, ಕಮೋಡಿನೊಳಗೂ ಬಚ್ಚಲ ಜಾಲರಿಯ ಮೇಲೂ ಒತ್ತಿ ಕೂರಿಸಿ.

ಬಾಗಿಲಿಗೆ ಒಟ್ಟುವ ಚೀಲವನ್ನು ಮೂರನೇ ಎರಡರಷ್ಟು ಮಾತ್ರ ತುಂಬಿ. ಬಿಗಿಯಾಗಿ ತುಂಬಿದ್ದು ಉರುಟಾಗಿ, ನಡುವೆ ಸಂದಿ ಬಿಡುತ್ತದೆ. ಬಾಯಿ ಮಡಚಿ ಅಡಿಗೆ ಹಾಕಿ, ಇಟ್ಟಿಗೆಯಂತೆ ಸಂದಿ ತಪ್ಪಿಸಿ ಜೋಡಿಸಿ, ಮೇಲೆ ನಿಂತು ತುಳಿಯಿರಿ.

ವಿದ್ಯುತ್ ವಿಷಯದಲ್ಲಿ ಜನ ಮೇನ್ ಸ್ವಿಚ್ ಇಳಿಸಿ ಸುಮ್ಮನಾಗುತ್ತಾರೆ. ಮನೆಯಲ್ಲಿ ಯುಪಿಎಸ್ ಇದ್ದರೆ ಅಷ್ಟು ಸಾಲದು. ಮೇನ್ ಹೋದ ಕ್ಷಣವೇ ಅದು ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ನೀರು ಹೊಸ್ತಿಲು ದಾಟುವ ಮೊದಲೇ, ಒಣ ನೆಲದ ಮೇಲೆ ನಿಂತು, ಎರಡನ್ನೂ ಆಫ್ ಮಾಡಿ. ಬ್ಯಾಟರಿಯನ್ನು ಎತ್ತರದ ಗಟ್ಟಿ ಸ್ಟ್ಯಾಂಡ್ ಮೇಲೆ ಇಡಿಸಿ. ವಿದ್ಯುತ್ ಸೋರಿದರೆ ತಾನೇ ಕರೆಂಟ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಅದನ್ನು ಹಾಕಿಸುವುದು ಉಳಿದೆಲ್ಲ ಖರ್ಚಿಗಿಂತ ಮುಂಚಿನದು. ನೀರು ಆಗಲೇ ಪ್ಲಗ್ ಪಾಯಿಂಟ್ ಮುಟ್ಟಿದ್ದರೆ ಒಳಗೆ ಹೋಗಬೇಡಿ. 1912ಕ್ಕೆ ಕರೆಮಾಡಿ ಬೆಸ್ಕಾಂನಿಂದಲೇ ಲೈನ್ ತೆಗೆಸಿ. ಜೀವಕ್ಕೆ ಅಪಾಯವಿದ್ದರೆ 112.

ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಕಳಚಿ ಮುಚ್ಚಳ ಹಾಕಿ, ಸರಪಳಿಯಿಂದ ಕಟ್ಟಿ. ಖಾಲಿಯದು ತೇಲಾಡುತ್ತದೆ.

ಕುಡಿಯುವುದಕ್ಕೆ, ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರ್ ಲೆಕ್ಕ ಹಿಡಿಯಿರಿ. ನಾಲ್ವರಿಗೆ ಮೂರು ದಿನಕ್ಕೆ 20 ಲೀಟರಿನ ಮೂರು ಕ್ಯಾನ್. ನಮ್ಮ ಬಡಾವಣೆ ಎತ್ತರದಲ್ಲಿದೆ ಎನ್ನುವವರಿಗೂ ಇದು ಬೇಕು. 2022ರ ಸೆಪ್ಟೆಂಬರಿನಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿ ಪಂಪಿಂಗ್ ಸ್ಟೇಷನ್ನೇ ಮುಳುಗಿ, ಮನೆಯಂಗಳ ಒಣಗಿದ್ದ ಬಡಾವಣೆಗಳಿಗೂ ಕಾವೇರಿ ನೀರು ನಿಂತಿತ್ತು.

ಸಂಪಿನ ಬಾಯಿಗೆ ಅಂಗಳದ ಮಟ್ಟದಿಂದ ಒಂದು ಅಡಿಯಾದರೂ ಕಟ್ಟೆ ಕಟ್ಟಿಸಿ. ಕೊಳಚೆ ಬೆರೆತಿದ್ದರೆ ಪೂರ್ತಿ ಖಾಲಿಮಾಡಿ, ಹೊರಗಿನಿಂದಲೇ ಉದ್ದ ಬ್ರಷ್‌ನಿಂದ ಉಜ್ಜಿ, ಹೊಸ ನೀರು ತುಂಬಿಸಿ. ಪ್ರತಿ 1,000 ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. ಘಾಟಿಲ್ಲದ ಹಳೆಯ ಪುಡಿ ಪ್ರಯೋಜನವಿಲ್ಲ. ಈ ನೀರನ್ನು ಓವರ್‌ಹೆಡ್ ಟ್ಯಾಂಕಿಗೆ ಏರಿಸಿ, ವಾಸನೆ ಬರುವವರೆಗೆ ನಲ್ಲಿಗಳಲ್ಲಿ ಬಿಟ್ಟು, 12 ಗಂಟೆ ನಿಲ್ಲಿಸಿ, ಆಮೇಲೆ ಪೂರ್ತಿ ಹೊರಚೆಲ್ಲಿ. ಟಾಯ್ಲೆಟ್ ಆ್ಯಸಿಡ್ ಇದಕ್ಕೆ ತಗುಲದಿರಲಿ, ವಿಷಗಾಳಿ ಏಳುತ್ತದೆ.

ನೀರು ಇಳಿದ ಮೇಲೆ ಕಸಬರಿಕೆ ಹಿಡಿಯುವ ಮೊದಲು ಗೋಡೆಯ ಮೇಲಿನ ನೀರಿನ ಗೆರೆ, ಹಾಳಾದ ಸಾಮಾನುಗಳ ಫೋಟೋ ತೆಗೆದಿಡಿ; ವಿಮೆಗೆ ಬೇಕಾಗುತ್ತದೆ. ಮುಳುಗಿದ್ದ ಕಾರಿನ ಕೀ ತಿರುಗಿಸಲೇಬೇಡಿ. ಎಂಜಿನ್ನಿನ ಸಿಲಿಂಡರಿಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ‘ಎಂಜಿನ್ ಪ್ರೊಟೆಕ್ಟ್’ ಸೇರಿಸದ ಪಾಲಿಸಿಯಲ್ಲಿ ಆ ಖರ್ಚು ಸಾಮಾನ್ಯವಾಗಿ ನಿಮ್ಮ ತಲೆಗೇ ಬರುತ್ತದೆ. ಬ್ಯಾಟರಿ ಕಳಚಿ, ಟೋ ಮಾಡಿಸಿಯೇ ಗ್ಯಾರೇಜಿಗೆ ಕಳಿಸಿ.